ಚೇಬೋಲ್ ಮತ್ತು ದೇಶಹಿತ
ದಕ್ಷಿಣ ಕೊರಿಯಾದಲ್ಲಿ ಕುಟುಂಬ ಒಡೆತನದ ಬೃಹತ್ ಉದ್ಯಮ ಸಮೂಹಗಳಿಗೆ ಚೇಬೋಲ್ ಎನ್ನುತ್ತಾರೆ. ಸ್ಯಾಮ್‌ಸಂಗ್, ಹ್ಯುಂಡೈ ಈ ಸಾಲಿನವು. 1961ರಲ್ಲಿ ಅಧಿಕಾರ ಹಿಡಿದ ಪಾರ್ಕ್ ಚುಂಗ್ ಹೀ ಬ್ಯಾಂಕುಗಳನ್ನು ಸರ್ಕಾರದ ಹತೋಟಿಗೆ ತಂದು, ರಫ್ತಿನ ಗುರಿ ಮುಟ್ಟಿದವರಿಗೆ ಅಗ್ಗದ ಸಾಲ ಕೊಡಿಸಿದರು. ಆಗ ಲಗಾಮು ಸರ್ಕಾರದ ಕೈಯಲ್ಲಿತ್ತು. ಈ ನೀತಿಯ ಬೆಲೆ ತೆತ್ತವರು ಕಡಿಮೆ ಕೂಲಿಗೆ ದುಡಿದ, ಸಂಘ ಕಟ್ಟುವ ಸ್ವಾತಂತ್ರ್ಯವಿಲ್ಲದ ಕಾರ್ಮಿಕರು ಎಂಬುದನ್ನು ಮರೆಯಬಾರದು. ಸಮೂಹಗಳು ಬೆಳೆದಂತೆ ಹಿಡಿತ ಸಡಿಲವಾಯಿತು. 1997ರ ಹಣಕಾಸು ಬಿಕ್ಕಟ್ಟಿನಲ್ಲಿ ಅವುಗಳ ಸಾಲದ ಹೊರೆ ಬಯಲಾಯಿತು. 1999ರಲ್ಲಿ ಅವುಗಳಲ್ಲೊಂದಾದ ಡೇವೂ ಕುಸಿಯಿತು. ಇದಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ದೇಶಹಿತದ ಹೆಸರಿನಲ್ಲಿ ಈ ಸಮೂಹಗಳ ಒಡೆಯರಿಗೆ ಕೊಡುವ ಕ್ಷಮಾದಾನ. ತೆರಿಗೆ ವಂಚನೆಯಲ್ಲಿ ಶಿಕ್ಷೆಯಾಗಿದ್ದ ಸ್ಯಾಮ್‌ಸಂಗ್‌ನ ಲೀ ಕುನ್ ಹೀ ಅವರಿಗೆ 2009ರಲ್ಲಿ, ಚಳಿಗಾಲದ ಒಲಿಂಪಿಕ್ಸ್ ಆತಿಥ್ಯ ಪಡೆಯಲು ಬೇಕಾದವರೆಂದು ಕ್ಷಮೆ ದೊರೆಯಿತು. ಲಂಚ ಪ್ರಕರಣದಲ್ಲಿ ಜೈಲಿಗೆ ಹೋಗಿದ್ದ ಅವರ ಮಗ ಲೀ ಜೇ ಯಾಂಗ್ ಅವರಿಗೆ 2022ರಲ್ಲಿ, ಆರ್ಥಿಕ ಸಂಕಷ್ಟ ನೀಗಲು ನೆರವಾಗುವರೆಂದು.