ಅಟ್ಟದ ಕಾಯಿಯೂ ಆಕಾಶದ ಆಟವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಕಡೆ ತೆಂಗಿನ ಬೆಳೆಗಾರನ ಹಳೆಯ ಮನೆಯನ್ನು ಹೊಕ್ಕವರು ಒಮ್ಮೆ ತಲೆಯೆತ್ತಿ ನೋಡಬೇಕು. ಮೇಲೆ ಅಟ್ಟವಿರುತ್ತದೆ. ಬಲಿತ ಕಾಯಿಗಳನ್ನು ಮಟ್ಟೆಯೊಡನೆಯೇ ಅಲ್ಲಿ ಒಟ್ಟಿ, ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ; ತಿರುಳು ಒಣಗಿ ಚಿಪ್ಪಿನಿಂದ ಬೇರ್ಪಡುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಒಳಗೆ ಗುಂಡೊಂದು ಉರುಳಿದಂತೆ ಸದ್ದಾಗುತ್ತದೆ. ಆಗ ಮಟ್ಟೆ ಸುಲಿದು, ಚಿಪ್ಪನ್ನು ಒಡೆದು, ಉಂಡೆ ಕೊಬ್ಬರಿಯನ್ನು ತೆಗೆಯುತ್ತಾರೆ.

ಅಟ್ಟದ ಮೇಲಿರುವ ಆ ಕಾಯಿ ರೈತನ ಸ್ವತ್ತು. ಬೆಲೆ ಏರಿದಾಗ ಅವನು ಮಾರಬಹುದು; ಇಳಿದಾಗ ತಡೆದು ಕಾಯಬಹುದು; ಮಗಳ ಮನೆಗೆ ಕಳುಹಿಸಬಹುದು; ನೆರೆಯವರ ಮದುವೆಗೆ ಕೈಗಡ ಕೊಡಬಹುದು. ಕಾಯಿ ಯಾರ ಕೈಯಲ್ಲಿದೆಯೋ ಅವರೇ ಅದರ ಒಡೆಯರು. ಈ ಮಾತು ತೀರ ಸರಳವಾದುದು. ಇದನ್ನು ಹೇಳಿಯೇ ತಿಳಿಸಬೇಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ಕೈಗೆ ಸಿಗದ ಸರಕನ್ನೂ ಹಣ ಕೊಟ್ಟು ಕೊಳ್ಳುವ ಕಾಲದಲ್ಲಿ ನಾವಿದ್ದೇವೆ. ಆದುದರಿಂದ ಆ ಸರಳವಾದ ಮಾತನ್ನು ಮತ್ತೊಮ್ಮೆ ಯೋಚಿಸಿ ನೋಡುವುದು ಅಗತ್ಯವಾಗಿದೆ.

ಇದಕ್ಕೆ ದೊಡ್ಡವರ ವ್ಯವಹಾರಕ್ಕಿಂತ ಮಕ್ಕಳ ಆಟವೇ ಒಳ್ಳೆಯ ನಿದರ್ಶನ. ಜಪಾನಿನ ಸೋನಿ ಸಂಸ್ಥೆ 2004ರ ಡಿಸೆಂಬರಿನಲ್ಲಿ ಕೈಯಲ್ಲಿ ಹಿಡಿದು ಆಡುವ ಒಂದು ಆಟದ ಯಂತ್ರವನ್ನು ಹೊರತಂದಿತು. ಅದರ ಹೆಸರು ಪಿ.ಎಸ್.ಪಿ. ಆಟಗಳು ಪುಟ್ಟ ತಟ್ಟೆಗಳ ರೂಪದಲ್ಲಿ ಅಂಗಡಿಯಲ್ಲಿ ದೊರೆಯುತ್ತಿದ್ದವು. ತಟ್ಟೆಯನ್ನು ಯಂತ್ರದ ಬೆನ್ನಿಗೆ ಸೇರಿಸಿದರೆ ಆಟ ಸಿದ್ಧವಾಗುತ್ತಿತ್ತು. ಆ ಯಂತ್ರಗಳು ಕಾಲಕ್ರಮದಲ್ಲಿ ಏಳು ಕೋಟಿಗೂ ಹೆಚ್ಚು ಮಾರಾಟವಾದವು. ಅನಂತರ 2009ರ ಅಕ್ಟೋಬರ್ 1ರಂದು ಅಮೆರಿಕ ಮತ್ತು ಯೂರೋಪುಗಳಲ್ಲಿ ಅದೇ ಸಂಸ್ಥೆ 'ಪಿ.ಎಸ್.ಪಿ. ಗೋ' ಎಂಬ ಹೊಸ ಯಂತ್ರವನ್ನು ಮಾರಾಟಕ್ಕೆ ಇಟ್ಟಿತು. ಅದರಲ್ಲಿ ತಟ್ಟೆಗೆ ಜಾಗವೇ ಇರಲಿಲ್ಲ. ಆಟಗಳನ್ನೆಲ್ಲ ಅಂತರಜಾಲದಿಂದ ಡೌನ್‌ಲೋಡ್ ಮಾಡಿಕೊಂಡು, ಒಳಗಿನ 16 ಗಿಗಾಬೈಟ್ ಸಂಗ್ರಹದಲ್ಲಿ ಇಟ್ಟುಕೊಳ್ಳಬೇಕಾಗಿತ್ತು. ಮೊದಲ ಯಂತ್ರ 280 ಗ್ರಾಂ ತೂಗುತ್ತಿದ್ದರೆ ಇದು 158 ಗ್ರಾಂ ಮಾತ್ರ ತೂಗುತ್ತಿತ್ತು. ನೋಡಲು ಅಂದವಾಗಿತ್ತು, ಜೇಬಿನಲ್ಲಿ ಇಡಲು ಹಗುರವಾಗಿತ್ತು.

ಇಷ್ಟೆಲ್ಲ ಇದ್ದರೂ ಅದು ಗೆಲ್ಲಲಿಲ್ಲ. 2010ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಅದರ ಬೆಲೆಯನ್ನು 250 ಡಾಲರಿನಿಂದ 200 ಡಾಲರಿಗೆ ಇಳಿಸಿದರು. 2011ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿದರು. ತಟ್ಟೆ ಹಾಕುವ ಹಳೆಯ ಬಗೆಯ ಯಂತ್ರಗಳಾದರೋ ಅದರ ಅನಂತರವೂ ಮಾರಾಟವಾಗುತ್ತಲೇ ಇದ್ದವು.

ಏಕೆ ಹೀಗಾಯಿತು? ಡೌನ್‌ಲೋಡ್ ಎಂಬ ಕ್ರಮವೇ ಜನರಿಗೆ ಒಗ್ಗಲಿಲ್ಲ ಎಂದು ಕೆಲವರು ಹೇಳುವುದುಂಟು. ಈ ಮಾತನ್ನು ನಾನು ಒಪ್ಪಲಾರೆ. ಅದಕ್ಕಿಂತ ಒಂದು ವರ್ಷ ಮೊದಲು, 2008ರ ಜುಲೈಯಲ್ಲಿ, ಆಪಲ್ ಸಂಸ್ಥೆ ತನ್ನ ಫೋನಿಗಾಗಿ 'ಆಪ್ ಸ್ಟೋರ್' ಎಂಬ ಮಳಿಗೆಯನ್ನು ತೆರೆಯಿತು. ಅಲ್ಲಿಯೂ ತಟ್ಟೆಯಿಲ್ಲ, ಪೆಟ್ಟಿಗೆಯಿಲ್ಲ, ಎಲ್ಲವೂ ಡೌನ್‌ಲೋಡ್. ಆದರೂ ಅದು ಅಪಾರ ಯಶಸ್ಸು ಗಳಿಸಿತು. ನಮ್ಮ ದೇಶದಲ್ಲಿ 2016ರ ಅನಂತರ ಅಂತರಜಾಲದ ದರ ಕುಸಿದು, ಯು.ಪಿ.ಐ. ಮೂಲಕ ಹಣ ಕೊಡುವುದು ಸುಲಭವಾದ ಮೇಲೆ, ತೋಟದ ಬದುವಿನಲ್ಲಿ ಕುಳಿತ ಹುಡುಗನ ಕೈಗೂ ಫೋನಿನ ಆಟಗಳು ಬಂದಿವೆ. ವಿಚಾರ ಮಾಡಿ ನೋಡಿದರೆ, ಡೌನ್‌ಲೋಡ್ ಒಂದನ್ನೇ ನಂಬಿ ಜಗತ್ತನ್ನು ಗೆದ್ದ ಕೈಯಾಟದ ಯಂತ್ರವೆಂದರೆ ನಮ್ಮ ಮೊಬೈಲ್ ಫೋನೇ ಆಗಿದೆ.

ಹಾಗಾದರೆ ಒಂದು ಗೆದ್ದು ಇನ್ನೊಂದು ಸೋಲಲು ಕಾರಣವೇನು? ಮೊದಲನೆಯದು ಬೆಲೆ. ತಟ್ಟೆ ಹಾಕುವ ಯಂತ್ರ 170 ಡಾಲರಿಗೆ ಸಿಗುತ್ತಿದ್ದಾಗ, ತಟ್ಟೆಯಿಲ್ಲದ ಯಂತ್ರಕ್ಕೆ 250 ಡಾಲರು ಕೇಳಿದರು. ಅಂದರೆ, ಕೊಡುವುದನ್ನು ಕಡಿಮೆ ಮಾಡಿ ಕೇಳುವುದನ್ನು ಹೆಚ್ಚು ಮಾಡಿದರು. ಎರಡನೆಯದು ಹಳೆಯ ಗಿರಾಕಿಯ ಕಡೆಗಣನೆ. ವರ್ಷಗಟ್ಟಲೆ ಹಣ ಕೂಡಿಟ್ಟು ಹತ್ತಿಪ್ಪತ್ತು ತಟ್ಟೆಗಳನ್ನು ಕೊಂಡಿದ್ದವನು, ಅವುಗಳಲ್ಲಿ ಒಂದನ್ನೂ ಹೊಸ ಯಂತ್ರದಲ್ಲಿ ಹಾಕುವಂತಿರಲಿಲ್ಲ. ಮೂರನೆಯದು ಅಂಗಡಿಯವರ ನಿರಾಸಕ್ತಿ. ಅವರಿಗೆ ಲಾಭ ತರುತ್ತಿದ್ದುದು ಯಂತ್ರಕ್ಕಿಂತ ಹೆಚ್ಚಾಗಿ ಆಟದ ತಟ್ಟೆಗಳು. ತಟ್ಟೆಯೇ ಇಲ್ಲದ ಯಂತ್ರವನ್ನು ಹೊಗಳಿ ಮಾರುವ ಉತ್ಸಾಹ ಅವರಿಗೆ ಎಲ್ಲಿಂದ ಬರಬೇಕು? ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಅಡುಗೆಯವನು ನುರಿತವನೇ ಆಗಿದ್ದ. ಆದರೆ ಇಂಗೂ ಇರಲಿಲ್ಲ, ತೆಂಗೂ ಇರಲಿಲ್ಲ.

ಫೋನಿನ ಸಂಗತಿ ಇದಕ್ಕೆ ವಿರುದ್ಧವಾದುದು. ಜನರು ಅದನ್ನು ಮಾತನಾಡುವುದಕ್ಕಾಗಿ ಮೊದಲೇ ಕೊಂಡಿದ್ದರು. ಆಟಗಳಾದರೋ ಬಹಳ ಅಗ್ಗ, ಹಲವು ಪುಕ್ಕಟೆ. ಆಡಿ ಬೇಸರವಾದರೆ ಅಳಿಸಿಹಾಕಿದರೂ ಯಾರಿಗೂ ನಷ್ಟವೆನಿಸುತ್ತಿರಲಿಲ್ಲ.

ಡೌನ್‌ಲೋಡ್ ಕ್ರಮದಿಂದ ಆಗುವ ಉಪಕಾರವನ್ನೂ ನಾವು ಮರೆಯಬಾರದು. ಚಿಕ್ಕನಾಯಕನಹಳ್ಳಿಯ ಕಡೆಯ ಒಂದು ಸಣ್ಣ ಹಟ್ಟಿಯ ಹುಡುಗಿಗೆ ಆಟದ ತಟ್ಟೆ ಮಾರುವ ಅಂಗಡಿ ಎಲ್ಲಿ ಸಿಕ್ಕೀತು? ಬೆಂಗಳೂರಿಗೇ ಹೋಗಬೇಕಾದೀತು. ಅಂತರಜಾಲವಾದರೋ ಅವಳ ಮನೆಯ ಜಗಲಿಗೇ ಬರುತ್ತದೆ. ತಟ್ಟೆ ಗೀರು ಬಿದ್ದು ಕೆಡುತ್ತದೆಂಬ ಭಯವಿಲ್ಲ, ಸಾಗಣೆಯ ವೆಚ್ಚವಿಲ್ಲ. ಮುಂದೊಂದು ದಿನ ಅವಳೇ ಕನ್ನಡದಲ್ಲಿ ಒಂದು ಆಟವನ್ನು ರಚಿಸಿದರೆ, ಸಾವಿರಾರು ತಟ್ಟೆಗಳನ್ನು ಅಚ್ಚು ಹಾಕಿಸುವ ಬಂಡವಾಳವಿಲ್ಲದೆಯೇ ಅದನ್ನು ಲೋಕಕ್ಕೆ ಕೊಡಬಲ್ಲಳು. ಹೊಸದೆಂಬ ಒಂದೇ ಕಾರಣಕ್ಕೆ ಹೊಸದನ್ನು ಹಳಿಯುವುದು ವಿವೇಕವಲ್ಲ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನೇ ನೋಡಿ. ಇಂದು ಅಲ್ಲಿ ವರ್ತಕರು ಬೆಲೆಯನ್ನು ಗಣಕಯಂತ್ರದ ಮೂಲಕ ನಮೂದಿಸುತ್ತಾರೆ. ಅದರಿಂದ ರೈತನಿಗೆ ಕೇಡಾಗಲಿಲ್ಲ. ಏಕೆಂದರೆ ಆಕಾಶಮಾರ್ಗವಾಗಿ ಬರುವುದು ಬೆಲೆ ಮಾತ್ರ. ಕೊಬ್ಬರಿ ಚೀಲದಲ್ಲಿಯೇ ಇರುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ಅದು ಅವನದಾಗಿಯೇ ಉಳಿಯುತ್ತದೆ.

ಆದರೆ ಆಟದ ವಿಷಯದಲ್ಲಿ ಸರಕೇ ಆಕಾಶದಲ್ಲಿದೆ. ಇಲ್ಲಿಯೇ ನಿಜವಾದ ಪ್ರಶ್ನೆ ಏಳುತ್ತದೆ. ಹಣ ಕೊಟ್ಟು ನಾವು ಪಡೆದುದು ಆಟವನ್ನೋ, ಅಥವಾ ಅದನ್ನು ಆಡುವ ಅಪ್ಪಣೆಯನ್ನೋ? ಹೆಚ್ಚಿನ ಮಳಿಗೆಗಳ ಕರಾರಿನಲ್ಲಿ ಬರೆದಿರುವುದು ಎರಡನೆಯದು. ಪಿ.ಎಸ್.ಪಿ. ಗೋ ಹೊರಬಂದ 2009ರಲ್ಲೇ, ಜುಲೈ ತಿಂಗಳಲ್ಲಿ, ಒಂದು ವಿಚಿತ್ರ ಘಟನೆ ನಡೆಯಿತು. ಅಮೆಜಾನ್ ಸಂಸ್ಥೆ ತನ್ನ ಕಿಂಡಲ್ ಎಂಬ ಓದುವ ಯಂತ್ರಕ್ಕಾಗಿ ಜಾರ್ಜ್ ಆರ್ವೆಲ್‌ನ '1984' ಮತ್ತು 'ಅನಿಮಲ್ ಫಾರ್ಮ್' ಪುಸ್ತಕಗಳ ಕೆಲವು ಪ್ರತಿಗಳನ್ನು ಮಾರಿತ್ತು. ಅವನ್ನು ಒದಗಿಸಿದವರಿಗೆ ಪ್ರಕಟಣೆಯ ಹಕ್ಕು ಇಲ್ಲವೆಂದು ತಿಳಿದಾಗ, ಕೊಂಡವರ ಯಂತ್ರಗಳಿಂದಲೇ ಆ ಪುಸ್ತಕಗಳನ್ನು ದೂರದಿಂದ ಅಳಿಸಿಹಾಕಿತು. ಹಣವನ್ನೇನೋ ಹಿಂದಿರುಗಿಸಿದರು. ಆದರೆ ಓದುತ್ತಿದ್ದ ಪುಸ್ತಕ ಓದುಗನ ಕೈಯಿಂದಲೇ ಮಾಯವಾದುದು ಸುಳ್ಳಲ್ಲ.

ಮಳಿಗೆಯೇ ಮುಚ್ಚುವುದೂ ಉಂಟು. ನಿಂಟೆಂಡೊ ಸಂಸ್ಥೆ ತನ್ನ 3ಡಿ.ಎಸ್. ಎಂಬ ಕೈಯಾಟದ ಯಂತ್ರದ ಅಂತರಜಾಲ ಮಳಿಗೆಯಲ್ಲಿ ಹೊಸದಾಗಿ ಕೊಳ್ಳುವುದನ್ನು 2023ರ ಮಾರ್ಚ್ 27ರಂದು ನಿಲ್ಲಿಸಿತು. ತಟ್ಟೆಯಾಗಲಿ ಕಾರ್ಡಾಗಲಿ ಇಲ್ಲದೆ ಅಲ್ಲಿ ಮಾತ್ರ ಮಾರಾಟವಾಗುತ್ತಿದ್ದ ಆಟಗಳನ್ನು ಆ ಯಂತ್ರಕ್ಕೆ ಹೊಸಬರು ಕೊಳ್ಳುವ ದಾರಿ ಅಂದಿಗೆ ಮುಚ್ಚಿತು. ನಮ್ಮಲ್ಲಿಯೂ 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು. ಅಕ್ಟೋಬರ್ 30ರಂದು ಅದು ಭಾರತದಲ್ಲಿ ಪೂರ್ತಿಯಾಗಿ ನಿಂತುಹೋಯಿತು. ಆ ನಿಷೇಧದ ಸರಿ ತಪ್ಪುಗಳ ಚರ್ಚೆ ಇಲ್ಲಿ ಬೇಡ. ಆ ಆಟದೊಳಗಿನ ಉಡುಪು ಆಯುಧಗಳಿಗಾಗಿ ತಂದೆಯ ಹಣವನ್ನು ಸುರಿದಿದ್ದ ಹುಡುಗರ ಕೈಯಲ್ಲಿ ಮರುದಿನ ಉಳಿದುದೇನು ಎಂಬುದನ್ನು ಮಾತ್ರ ಯೋಚಿಸೋಣ.

ಇದರಿಂದ ಹೆಚ್ಚು ನಷ್ಟ ಯಾರಿಗೆ? ಉಳ್ಳವರಿಗೆ ಅಲ್ಲ, ಅವರು ಮತ್ತೆ ಕೊಂಡಾರು. ನಷ್ಟವಾಗುವುದು ಎರಡನೆಯ ಕೈಗೆ ಕಾಯುವ ಮಗುವಿಗೆ. ನಾನು ವಿದ್ಯಾರ್ಥಿಯಾಗಿದ್ದಾಗ ಪ್ರತಿ ಜೂನ್ ತಿಂಗಳಲ್ಲಿ ಮೇಲಿನ ತರಗತಿಯವರ ಹಳೆಯ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಂಡು ಓದುತ್ತಿದ್ದೆವು. ಆ ಅರ್ಧ ಬೆಲೆಯ ವ್ಯಾಪಾರವಿಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಮಂದಿಯ ಓದು ಮುಂದುವರಿಯುತ್ತಿರಲಿಲ್ಲ. ಆಟದ ಸಾಮಾನು ಕೂಡ ಹಾಗೆಯೇ. ಅಜ್ಜಿಯ ಅಳಗುಳಿ ಮಣೆ ಮೊಮ್ಮಗಳಿಗೆ ಬರುತ್ತದೆ. ಹುಣಸೆ ಬೀಜ ಹೊಸದಾದರೂ ಮಣೆ ಹಳೆಯದೇ. ಆಡು ಹುಲಿ ಆಟದ ಗೆರೆಗಳನ್ನು ಹಳೆಯ ದೇವಾಲಯಗಳ ಕಲ್ಲುಹಾಸಿನ ಮೇಲೆ ಇಂದಿಗೂ ಕಾಣಬಹುದು. ಕೊರೆದವರು ಯಾರೋ, ಆಡಿದವರು ಯಾರು ಯಾರೋ! ತುರುವೇಕೆರೆಯ ಕಡೆಯ ಒಂದು ಮನೆಯಲ್ಲಿ ಅಣ್ಣ ತಮ್ಮಂದಿರಿಬ್ಬರು ಇದ್ದಾರೆಂದು ಭಾವಿಸೋಣ. ಅಣ್ಣನು ಕೊಂಡ ತಟ್ಟೆ, ಅವನು ಓದಲು ಪರಊರಿಗೆ ಹೋದಾಗ ತಮ್ಮನದಾಗುತ್ತದೆ. ತಮ್ಮನಿಗೆ ಸಾಕೆನಿಸಿದಾಗ ಗೆಳೆಯನ ಮನೆ ಸೇರುತ್ತದೆ. ಅಣ್ಣನ ಖಾತೆಗೆ ಅಂಟಿಕೊಂಡ ಆಟವಾದರೋ ಅಣ್ಣನೊಡನೆಯೇ ಹೊರಟುಹೋಗುತ್ತದೆ.

ತಯಾರಕರೂ ಈ ಸಂಗತಿಯನ್ನು ಅರಿಯದವರಲ್ಲ. ಪಿ.ಎಸ್.ಪಿ. ಗೋ ಸೋತ ಬಳಿಕ ಸೋನಿ ಸಂಸ್ಥೆ 2011ರ ಡಿಸೆಂಬರಿನಲ್ಲಿ ತಂದ ವೀಟಾ ಯಂತ್ರದಲ್ಲಿ ಕಾರ್ಡಿಗೂ ಜಾಗವಿತ್ತು, ಡೌನ್‌ಲೋಡಿಗೂ ಅವಕಾಶವಿತ್ತು. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಕೂಡ ಇದೇ ಎರಡು ದಾರಿಗಳನ್ನು ತೆರೆದಿಟ್ಟು, 15 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಅದು 2025ರ ಜನವರಿಯಿಂದ ಜಾರಿಗೆ ಬಂದಿದೆ. ಮಾರುವವನು ಹಿಂದಕ್ಕೆ ಪಡೆಯಬಹುದಾದ ಇಂಥ ಸರಕನ್ನು, ಇದು ಬರಿಯ ಅನುಮತಿ ಎಂದು ಸ್ಪಷ್ಟವಾಗಿ ತಿಳಿಸದೆ, 'ಕೊಳ್ಳಿರಿ' ಎಂಬ ಮಾತಿನಿಂದ ಮಾರಕೂಡದು ಎಂಬುದು ಅದರ ತಿರುಳು. ಇಂಥ ಪ್ರಾಮಾಣಿಕತೆ ಎಲ್ಲ ಕಡೆಯೂ ಬೇಕು.

ಡೌನ್‌ಲೋಡ್ ಒಂದನ್ನೇ ನಂಬಿದ ಕೈಯಾಟದ ಯಂತ್ರ ಗೆಲ್ಲಬಲ್ಲುದೆ ಎಂಬ ಪ್ರಶ್ನೆಗೆ, ಗೆಲ್ಲಬಲ್ಲುದು ಎಂಬುದೇ ನನ್ನ ಉತ್ತರ. ಆದರೆ ಅದು ತಾನು ಕೊಡದಿರುವುದಕ್ಕೆ ತಕ್ಕಂತೆ ಬೆಲೆಯನ್ನು ಇಳಿಸಬೇಕು. ಗಿರಾಕಿಯು ಹಿಂದೆ ಕೊಂಡುದನ್ನು ಗೌರವಿಸಬೇಕು. ಮಳಿಗೆ ಮುಚ್ಚಿದ ಮೇಲೂ ಆಟ ಉಳಿಯುವ ಏರ್ಪಾಡು ಮಾಡಬೇಕು. ಇವಿಲ್ಲದೆ ಗೆದ್ದರೆ ಅದು ಮಾರುವವನ ಗೆಲುವು, ಕೊಳ್ಳುವವನ ಗೆಲುವಲ್ಲ.

ನಮ್ಮ ತೆಂಗಿನ ನಾಡಿನವರಿಗೆ ಈ ವಿವೇಕ ಹೊಸದೇನೂ ಅಲ್ಲ. ಒಂದೇ ಮರದಿಂದ ಎಳನೀರೂ ಬರುತ್ತದೆ, ಕೊಬ್ಬರಿಯೂ ಬರುತ್ತದೆ. ಎಳನೀರನ್ನು ಯಾರೂ ಅಟ್ಟಕ್ಕೆ ಏರಿಸುವುದಿಲ್ಲ. ಕೆತ್ತಿ, ಕುಡಿದು, ತಣಿದು, ಬುರುಡೆಯನ್ನು ಎಸೆಯುತ್ತಾರೆ. ಅದರಲ್ಲಿ ತಪ್ಪಿಲ್ಲ, ಬಿಸಿಲಿನಲ್ಲಿ ಬಂದವನಿಗೆ ಬೇಕಾದುದು ಅದೇ. ಕೊಬ್ಬರಿಯಾದರೋ ವರ್ಷಕಾಲ ಕಾದು ಪಡೆದ ಬಾಳುವ ಸರಕು. ಫೋನಿನ ಎಷ್ಟೋ ಆಟಗಳು ಎಳನೀರಿನಂಥವು. ಎಳನೀರನ್ನು ಎಳನೀರಿನ ಬೆಲೆಗೆ ಕೊಳ್ಳೋಣ. ಕೊಬ್ಬರಿಯ ಬೆಲೆ ಕೇಳುವವನಿಗೆ, ಇದು ಅಟ್ಟದ ಮೇಲೆ ಉಳಿಯುತ್ತದೆಯೆ, ಇದನ್ನು ನನ್ನ ತಮ್ಮನಿಗೆ ಕೊಡಬಹುದೆ ಎಂದು ಮೊದಲು ಕೇಳೋಣ. ಹಾಗೆ ಕೇಳಲು ಹಣ ಬೇಕಿಲ್ಲ; ಹಣವನ್ನು ಕೈಬಿಡುವ ಮುನ್ನ ಕೇಳಬೇಕು, ಅಷ್ಟೆ.