ಕಂಚಿನ ದರ್ಜಿಗೆ ಮಣೆ, ಜೀವಂತ ದರ್ಜಿಗೆ ಬರೆ

ಕುದುರೆ ಏರಿದ ಅರಸ, ಕತ್ತಿ ಹಿರಿದ ದಂಡನಾಯಕ, ಕೈ ಚಾಚಿ ನಿಂತ ಮಂತ್ರಿ: ಪ್ರತಿಮೆ ಎಂದರೆ ನಮ್ಮ ಕಣ್ಣಿಗೆ ಬರುವುದು ಇವರೇ. ದುಡಿಯುವವನಿಗೆ ಅಲ್ಲಿ ಎರಡೇ ಕೆಲಸ. ಕಟ್ಟೆಗೆ ಕಲ್ಲು ಹೊರುವುದು. ಉದ್ಘಾಟನೆಯ ದಿನ ಚಪ್ಪಾಳೆ ತಟ್ಟುವುದು.

ಆದರೆ ಬಂಡವಾಳಶಾಹಿಯ ತವರಾದ ನ್ಯೂಯಾರ್ಕಿನಲ್ಲಿ, 7ನೇ ಅವೆನ್ಯೂ ಮತ್ತು 39ನೇ ಬೀದಿ ಕೂಡುವಲ್ಲಿ, ಬೇರೊಂದು ಪ್ರತಿಮೆ ಇದೆ. ಆಳಿಗಿಂತ ದೊಡ್ಡದಾದ ಕಂಚಿನ ಮನುಷ್ಯನೊಬ್ಬ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಾಗಿಸಿ ಕುಳಿತಿದ್ದಾನೆ. ನೆತ್ತಿಯ ಮೇಲೆ ಯೆಹೂದ್ಯರ ಪುಟ್ಟ ಟೋಪಿ. ದೃಷ್ಟಿಯೆಲ್ಲ ಕೈಯಲ್ಲಿನ ಬಟ್ಟೆಯ ಮೇಲೆ. ಇವನನ್ನು 1984ರಲ್ಲಿ ಅಲ್ಲಿ ಕೂರಿಸಿದವಳು ಜೂಡಿತ್ ವೆಲ್ಲರ್, ಇಸ್ರೇಲ್ ಕಡೆಯಿಂದ ಬಂದ ವಲಸೆಗಾರ್ತಿ. ಸಿದ್ಧ ಉಡುಪಿನ ಉದ್ಯಮದಲ್ಲಿ ಯಂತ್ರ ತುಳಿದ ತನ್ನ ತಂದೆಯನ್ನೇ ಮನಸ್ಸಿನಲ್ಲಿಟ್ಟು ಎರಕ ಹೊಯ್ಯಿಸಿದಳು. ಬೆನ್ನಿಗೆ ನಿಂತದ್ದು ಸರಕಾರವಲ್ಲ, ಮಹಿಳಾ ಉಡುಪು ಕಾರ್ಮಿಕರ ಅಂತರರಾಷ್ಟ್ರೀಯ ಸಂಘ.

ಶಿಲ್ಪಿಗೆ ನಮ್ಮ ನಮಸ್ಕಾರ. ನಮ್ಮ ಜಗಳವಿರುವುದು ಆ ಪ್ರತಿಮೆಯನ್ನು ತೋರಿಸಿ "ನೋಡಿ, ನಾವು ದುಡಿಮೆಯನ್ನು ಎಷ್ಟು ಗೌರವಿಸುತ್ತೇವೆ" ಎನ್ನುವ ಧಣಿಗಳೊಡನೆ.

ಆ ಗೌರವದ ಲೆಕ್ಕವನ್ನು ತೆಗೆಯೋಣ. 1909ರಲ್ಲಿ ಅದೇ ನಗರದಲ್ಲಿ 20,000ಕ್ಕೂ ಹೆಚ್ಚು ಹೊಲಿಗೆಯವರು, ಬಹುಪಾಲು ಎಳೆಯ ಹೆಣ್ಣುಮಕ್ಕಳು, ಮುಷ್ಕರ ಹೂಡಿದರು. ಸಭೆಯಲ್ಲಿ ನಾಯಕರ ಉದ್ದುದ್ದ ಭಾಷಣ ಕೇಳಿ ಬೇಸತ್ತು, ಎದ್ದು ನಿಂತು ತನ್ನ ಯಿಡ್ಡಿಷ್ ನುಡಿಯಲ್ಲಿ ಮುಷ್ಕರದ ಕರೆ ಕೊಟ್ಟವಳು ಕ್ಲಾರಾ ಲೆಮ್ಲಿಕ್, ಉಕ್ರೇನಿನಿಂದ ಬಂದ ಹುಡುಗಿ. ಅನೇಕ ಕಾರಖಾನೆಗಳು ಮಣಿದವು. ಟ್ರಯಾಂಗಲ್ ಎಂಬ ಕಾರಖಾನೆ ಸಂಘವನ್ನು ಒಪ್ಪಲಿಲ್ಲ. 1911ರ ಮಾರ್ಚ್ 25ರಂದು ಅಲ್ಲಿ ಬೆಂಕಿ ಬಿತ್ತು. ಒಂಬತ್ತನೆಯ ಅಂತಸ್ತಿನ ಬಾಗಿಲಿಗೆ ಬೀಗ! 146 ಜನ ಸತ್ತರು. ಕೆಲವರು ಸುಟ್ಟು, ಕೆಲವರು ಕಿಟಕಿಯಿಂದ ಹಾರಿ. ಮಾಲೀಕರಿಬ್ಬರೂ ಅದೇ ವರ್ಷದ ಡಿಸೆಂಬರಿನಲ್ಲಿ ನಿರ್ದೋಷಿಗಳೆಂದು ಮನೆಗೆ ಹೋದರು. ಮುಂದೆ ಸಿವಿಲ್ ದಾವೆಯಲ್ಲಿ ಒಂದು ಜೀವಕ್ಕೆ ಕಟ್ಟಿದ ಬೆಲೆ 75 ಡಾಲರು.

ಇಲ್ಲಿ ಒಂದು ಮಾತನ್ನು ಗಂಟು ಹಾಕಿಕೊಳ್ಳಿ. ಆ ಮಾಲೀಕರೂ ವಲಸೆ ಬಂದ ಯೆಹೂದ್ಯರೇ. ಸತ್ತವರಲ್ಲಿ ಬಹಳ ಮಂದಿ ಅವರ ಮತದವರೇ, ಅವರ ನುಡಿಯವರೇ. ಬೀಗ ಹಾಕುವಾಗ ಜಾತಿ ಅಡ್ಡ ಬರಲಿಲ್ಲ. "ನಮ್ಮವನು ಧಣಿಯಾದರೆ ನಮಗೆ ಒಳ್ಳೆಯದು" ಎಂದು ನಂಬುವವರು ಈ ಬೀಗವನ್ನು ನೆನೆಯಲಿ.

ಆಮೇಲೆ 1924ರಲ್ಲಿ ಅಮೆರಿಕೆ ಕಾಯಿದೆ ಮಾಡಿ ಪೂರ್ವ ಮತ್ತು ದಕ್ಷಿಣ ಯೂರೋಪಿನ ಬಡವರಿಗೆ ಬಾಗಿಲು ಮುಚ್ಚಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಯಂತ್ರದ ಮುಂದಿನ ಪೀಠಕ್ಕೆ ಬೇರೆ ಬಡವರು ಬಂದರು. 1982ರಲ್ಲಿ ಚೀನಾದಿಂದ ಬಂದ ಸುಮಾರು 20,000 ಹೆಣ್ಣು ಕಾರ್ಮಿಕರು ನ್ಯೂಯಾರ್ಕಿನ ಬೀದಿಗಿಳಿದು ಒಪ್ಪಂದ ಗೆದ್ದರು. ಮುಂದೆ ಎರಡೇ ವರ್ಷಕ್ಕೆ ಕಂಚಿನ ದರ್ಜಿ ಬಂದ. ಶಿಲ್ಪಿ ತಂದೆಯನ್ನು ಕಡೆದದ್ದು ಸರಿಯೇ. ಆದರೆ ಆ ಹೊತ್ತಿಗೆ ಯಂತ್ರದ ಮುಂದೆ ಕುಳಿತಿದ್ದವಳು ಚೀನೀ ತಾಯಿ.

ಅವಳ ಕೆಲಸವಾದರೂ ಉಳಿಯಿತೆ? 1960ರ ಸುಮಾರಿನಲ್ಲಿ ಅಮೆರಿಕನರು ಕೊಳ್ಳುತ್ತಿದ್ದ ಬಟ್ಟೆಯಲ್ಲಿ ನೂರಕ್ಕೆ ಸುಮಾರು 95 ಪಾಲು ಅಲ್ಲಿಯೇ ಹೊಲಿದದ್ದು. ಇಂದು ನೂರಕ್ಕೆ ಐದೂ ಇಲ್ಲ. ಕೂಲಿ ಅಗ್ಗವಾದ ಕಡೆಗೆ ಬಂಡವಾಳ ಹಡಗು ಹತ್ತಿತು. 1900ರಲ್ಲಿ ಹುಟ್ಟಿದ ಆ ಸಂಘ ಸದಸ್ಯರಿಲ್ಲದೆ ಸೊರಗಿ 1995ರಲ್ಲಿ ಇನ್ನೊಂದು ಸಂಘದೊಡನೆ ಕೂಡಿಹೋಯಿತು. ಹೆಣಕ್ಕೆ ಶೃಂಗಾರ ಎಂದರೆ ಇದೇ. ದರ್ಜಿಯ ಪಕ್ಕದಲ್ಲಿ ಮುಂದೆ ಒಂದು ಭಾರಿ ಗುಂಡಿ, ಒಂದು ಭಾರಿ ಸೂಜಿ ನಿಂತವು. ಅದೇ ಅವೆನ್ಯೂವಿನ ಕಾಲುದಾರಿಯಲ್ಲಿ ರಾಲ್ಫ್ ಲಾರೆನ್, ಕಾಲ್ವಿನ್ ಕ್ಲೈನ್ ಮೊದಲಾದ ವಿನ್ಯಾಸಕಾರರ ಹೆಸರಿನ ಫಲಕಗಳು ಬಂದವು. ಬಟ್ಟೆಗೆ ಹೆಸರು ಕೊಟ್ಟವರಿಗೆ ಹೆಸರುಂಟು. ಹೊಲಿದವನು ಬರೀ "ಉಡುಪು ಕಾರ್ಮಿಕ".

"ಅಮೆರಿಕೆಯ ಗೊಂಬೆಯಿಂದ ನಮಗೇನು?" ಎಂದು ಕೇಳಬಹುದು. ಆ ಪೀಠ ಈಗ ನಮ್ಮ ಅಂಗಳದಲ್ಲಿದೆ, ಸ್ವಾಮಿ! ಬೆಂಗಳೂರಿನ ಕಾರಖಾನೆಗಳಲ್ಲಿ ಪರದೇಶದ ಅಂಗಿ ಹೊಲಿಯುವವರು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು. 2016ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಅವರ ಭವಿಷ್ಯನಿಧಿಯ ಹಣಕ್ಕೆ 58 ವರ್ಷದ ಬೀಗ ಹಾಕಹೊರಟಾಗ, ಯಾವ ನಾಯಕನಿಗೂ ಕಾಯದೆ ಸಾವಿರ ಸಾವಿರವಾಗಿ ಹೆದ್ದಾರಿಗೆ ಬಂದರು. ಎರಡೇ ದಿನದಲ್ಲಿ ಸರಕಾರ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಪಕ್ಕದ ಬಾಂಗ್ಲಾದೇಶದಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಗೊತ್ತಿತ್ತು. ಆದರೂ ಒಳಗೆ ಕಳಿಸಿದರು. ಟ್ರಯಾಂಗಲ್‌ನ ಬೀಗ ಸಮುದ್ರ ದಾಟಿ ಬಂದಿದೆ.

ಸಣ್ಣ ವ್ಯಾಪಾರಿಗಳಿಗೂ ಇಲ್ಲಿ ಪಾಠವಿದೆ. ನ್ಯೂಯಾರ್ಕಿನಲ್ಲಿ ದೊಡ್ಡ ವರ್ತಕ ಕತ್ತರಿಸಿದ ಬಟ್ಟೆಯನ್ನು ಸಣ್ಣ ಗುತ್ತಿಗೆದಾರನಿಗೆ ಕೊಟ್ಟು ದರವನ್ನು ಹಿಂಡುತ್ತಿದ್ದ. ಗುತ್ತಿಗೆದಾರ ಕೂಲಿಯವನನ್ನು ಹಿಂಡುತ್ತಿದ್ದ. ಇಬ್ಬರೂ ಬಡಿದಾಡುತ್ತಿದ್ದರೆ ದೊಡ್ಡವನು ನೆರಳಲ್ಲಿ ಕುಳಿತು ಲಾಭ ಎಣಿಸುತ್ತಿದ್ದ. ಸಂಘ ಈ ಆಟವನ್ನು ಅರಿತು, ಕೂಲಿಗೆ ದೊಡ್ಡ ವರ್ತಕನೂ ಹೊಣೆ ಎಂದು ಒಪ್ಪಂದಕ್ಕೆ ಸಹಿ ಹಾಕಿಸಿತು. ಆ ಸಹಿಯ ಹಿಡಿತದಿಂದ ತಪ್ಪಿಸಿಕೊಳ್ಳಲು ಹೊರದೇಶ ಒಂದು ಒಳ್ಳೆಯ ದಾರಿಯಾಯಿತು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಅಂಗಿಯ ಕತ್ತಿನ ಪಟ್ಟಿಯಲ್ಲಿ ಯಾರ ಹೆಸರಿದೆಯೋ, ಹೊಲಿದವಳ ಕೂಲಿಗೂ ಜೀವಕ್ಕೂ ಅವನೇ ಹೊಣೆಯಾಗಬೇಕು. ಕಾರಖಾನೆ ಯಾವ ದೇಶದಲ್ಲಿದ್ದರೂ ಸರಿ, ನಡುವೆ ಎಷ್ಟು ಗುತ್ತಿಗೆದಾರರಿದ್ದರೂ ಸರಿ. ಇದನ್ನು ಕಾಯಿದೆಯಲ್ಲಿ ಬರೆಯಬೇಕು. ಬರೆಯಿಸಲು ಸಂಘ ಬೇಕು.

ಪ್ರತಿಮೆ ಬೇಡವೆನ್ನುವವರು ನಾವಲ್ಲ. ಆದರೆ ಕಂಚಿನವನಿಗೆ ಹಸಿವಿಲ್ಲ, ಬಾಡಿಗೆಯಿಲ್ಲ, ಮಕ್ಕಳ ಶಾಲೆಯ ಫೀಜಿಲ್ಲ. ಅವನು ಮುಷ್ಕರ ಹೂಡಲಾರ. ಧಣಿಗಳಿಗೆ ಅವನು ಪ್ರಿಯನಾದದ್ದು ಅದಕ್ಕೇ. ಉಸಿರಿರುವ ಕಾರ್ಮಿಕರು ಸಂಘ ಕಟ್ಟಲಿ. ಆಗ ಧಣಿಗಳ ಗೌರವ ಎಷ್ಟರದ್ದೆಂದು ತಾನಾಗಿ ತಿಳಿಯುತ್ತದೆ.