ಮುಖವಾಡದ ದೇಶಭಕ್ತಿ

ದೆಹಲಿಯ ರಾಜ್ ಕಾಮಿಕ್ಸ್ 1986ರಲ್ಲಿ ಹೊರತಂದ ನಾಗರಾಜನ ಹುಟ್ಟು ವಿಚಾರಾರ್ಹವಾದುದು. ಭಯೋತ್ಪಾದಕರಿಗೆ ಆಯುಧವಾಗಿ ಮಾರಲೆಂದೇ ರೂಪಿತನಾದ ಅವನು ಬಾಬಾ ಗೋರಖನಾಥರಿಂದ ಬಿಡುಗಡೆ ಹೊಂದಿ ಅವರ ವಿರುದ್ಧವೇ ನಿಲ್ಲುತ್ತಾನೆ. ಆದರೆ ಬದಲಾದುದು ಗುರಿಯೇ ಹೊರತು ವಿಧಾನವಲ್ಲ. ಅನಂತರ ಬಂದ ಡೋಗಾ ನಾಯಿಯ ಮುಖವಾಡ ಧರಿಸಿ ಅಪರಾಧಿಗಳನ್ನು ಕೊಲ್ಲುತ್ತಾನೆ. ತಿರಂಗಾ ರಾಷ್ಟ್ರಧ್ವಜದ ಬಣ್ಣಗಳನ್ನೇ ಉಟ್ಟು ದಂಡಿಸಲು ಹೊರಡುತ್ತಾನೆ. ಇದನ್ನು ದೇಶಭಕ್ತಿಯೆಂದು ಮಕ್ಕಳಿಗೆ ಉಣಬಡಿಸುವುದು ಉಚಿತವೇ?

ಕಥೆಯಷ್ಟೇ ಎನ್ನುವವರು ಆಳಂದ, ಅಫಜಲಪುರ, ಜೇವರ್ಗಿಗಳ ಹಿರಿಯ ತಲೆಮಾರು ಕಂಡುದನ್ನು ನೆನೆಯಬೇಕು. ನಿಜಾಮನ ಆಳ್ವಿಕೆಯ ಗುಲಬರ್ಗಾ ಸೀಮೆಯಲ್ಲಿ 1947-48ರಲ್ಲಿ ಹಳ್ಳಿಗಳನ್ನು ನಡುಗಿಸಿದ ರಜಾಕಾರರ ಹೆಸರಿಗೂ ಸ್ವಯಂಸೇವಕರೆಂದೇ ಅರ್ಥ. 1948ರ ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆಯ ಬಳಿಕ ಸೇಡಿಗಾಗಿ ನಿರಪರಾಧಿ ಮುಸ್ಲಿಮರ ಹತ್ಯೆಯೂ ನಡೆಯಿತು; ಪಂಡಿತ ಸುಂದರಲಾಲ್ ಸಮಿತಿಯು ಅತಿಹೆಚ್ಚು ಹಾನಿಗೊಂಡವೆಂದು ಗುರುತಿಸಿದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಎರಡೂ ಕಡೆಯವರು ತಾವೇ ನ್ಯಾಯಾಧೀಶರು, ತಾವೇ ವಧಕಾರರು ಆದರು.

ಆತ್ಮರಕ್ಷಣೆಗಾಗಿ ನಡೆಯುವ ವಿರೋಧೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಾಗಬಹುದೆಂದು ಶ್ರಾವಕಾಚಾರ ಒಪ್ಪೀತು. ಸಂಕಲ್ಪೀ ಹಿಂಸೆಯನ್ನು ಎಂದೂ ಒಪ್ಪದು. ಕೊಲ್ಲಲೆಂದೇ ಮನೆಯಿಂದ ಹೊರಡುವ ಮುಖವಾಡಧಾರಿಯದು ಎರಡನೆಯದೇ.

ತಾಯ್ತಂದೆಯರಾಗಲಿ, ಬಸದಿಗಳ ಪಾಠಶಾಲೆಗಳಾಗಲಿ ಪುಸ್ತಕವನ್ನು ಕಸಿದುಕೊಳ್ಳುವುದು ಬೇಡ. ಮಗುವಿನೊಡನೆ ಕುಳಿತು ಒಂದೇ ಪ್ರಶ್ನೆ ಕೇಳಲಿ: ಇವನು ತಪ್ಪಿ ನಿರಪರಾಧಿಯನ್ನು ಕೊಂದರೆ, ಮುಖವಾಡದ ಹಿಂದಿನಿಂದ ಉತ್ತರಿಸುವವರು ಯಾರು?